ಒಂದು ಪಾಳಿಯ ಅರಮನೆ

ಮುಂಬೈಯ ಮಾಟುಂಗ ಪೂರ್ವದ ಭಾವುದಾಜಿ ರಸ್ತೆಯಲ್ಲಿ, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್. ಹಳಿ ದಾಟಿ ಮಾಹಿಮ್ ಕಡೆಗೆ ಬಂದರೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ಮುಂಬೈ ಕನ್ನಡ ನಾಟಕದ ಮಾತು ಬಂದಾಗಲೆಲ್ಲ ನಾಟಕಕಾರರ, ನಿರ್ದೇಶಕರ, ನಟರ ಹೆಸರು ಕೇಳಿಬರುತ್ತದೆ. ಆ ನಾಟಕಗಳಿಗೆ ಈಗಿರುವ ರೂಪ ಕೊಟ್ಟದ್ದರಲ್ಲಿ ಇಂಥ ಸಭಾಂಗಣಗಳ ಗಡಿಯಾರದ ಪಾಲೂ ದೊಡ್ಡದು ಎನ್ನುವುದು ನನ್ನ ವಾದ. ಹವ್ಯಾಸಿ ತಂಡದ ಕೈಗೆ ರಂಗ ಸಿಗುವುದು ಒಂದು ಪಾಳಿಗೆ, ಕೆಲವೇ ಗಂಟೆ. ಅಷ್ಟರೊಳಗೆ ಟೆಂಪೊದಿಂದ ಸಾಮಾನು ಇಳಿಯಬೇಕು, ಸೆಟ್ ನಿಲ್ಲಬೇಕು, ಸ್ಪಾಟ್ ಕಟ್ಟಿ ಬೆಳಕು ನಟನ ಮುಖಕ್ಕೆ ಬೀಳುತ್ತದೋ ಎದೆಗೋ ಎಂದು ನೋಡಬೇಕು, ಮೇಕಪ್ಪೂ ಮುಗಿಯಬೇಕು. ಆಟ ಮುಗಿದರೆ ಕೊನೆಯ ಲೋಕಲ್ ತಪ್ಪುವ ಮೊದಲು ಎಲ್ಲ ಬಿಚ್ಚಬೇಕು. ಆದ್ದರಿಂದಲೇ ಕಪ್ಪು ಪರದೆ, ಲೆವೆಲ್ಲು ಎಂಬ ಮೂರ್ನಾಲ್ಕು ಎತ್ತರದ ಕಟ್ಟೆಗಳು, ಒಂದು ಮರದ ಪೆಟ್ಟಿಗೆ. ರಾಜ ಕೂತಾಗ ಸಿಂಹಾಸನವಾದ ಆ ಪೆಟ್ಟಿಗೆಯನ್ನು ಬೆಳಕು ಆರಿದ ಹೊತ್ತಿನಲ್ಲಿ ಯಾರೋ ಅಡ್ಡ ಮಲಗಿಸುತ್ತಾರೆ. ಬೆಳಕು ಮರಳಿದಾಗ ಅದು ಬಾವಿಕಟ್ಟೆ. ಕತ್ತಲಲ್ಲಿ ಅದು ತಪ್ಪದೆ ತನ್ನ ಜಾಗ ಸೇರಲೆಂದು ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿರುತ್ತಾರೆ.

ಈ ಸರಳ ಸಜ್ಜಿಕೆ ಬಡತನಕ್ಕೆ ತೊಡಿಸಿದ ಕಲೆಯ ಅಂಗಿಯಲ್ಲವೇ ಎಂದು ಕೇಳುವವರಿದ್ದಾರೆ. ಹಣದ ಕೊರತೆ ಇಲ್ಲವೆಂದಲ್ಲ. ಆದರೆ ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದ ಗುಬ್ಬಿ ವೀರಣ್ಣನವರ ಕಾಲದ ವೈಭವದ ನಾಟಕ ಕಂಪನಿಗಳೂ ಹೊತ್ತಿನೊಂದಿಗೇ ಗುದ್ದಾಡಿದವು. ಮುಂದೆ ಬೀದಿಯ ಚಿತ್ರವಿದ್ದ ರಸ್ತೆ ಪರದೆ ಇಳಿಬಿಟ್ಟು ಹಾಸ್ಯದ ಜೋಡಿ ನಗಿಸುತ್ತಿದ್ದಾಗ ಹಿಂದೆ ಸದ್ದಿಲ್ಲದೆ ಅರಮನೆ ಎದ್ದು ನಿಲ್ಲುತ್ತಿತ್ತು. ಪ್ರೇಕ್ಷಕರಿಗೆ ಮನರಂಜನೆ, ಸೆಟ್ಟಿನವರಿಗೆ ಬಿಡುವು! ಮುಂಬೈಗೆ ಕರಾವಳಿಯವರು ಹೊತ್ತು ತಂದ ಯಕ್ಷಗಾನವಂತೂ ಇಬ್ಬರು ಹಿಡಿದ ತೆರೆಯೊಂದರಲ್ಲೇ ಪಾತ್ರದ ಪ್ರವೇಶವನ್ನು ಕಟ್ಟುತ್ತದೆ. ಸಿರಿವಂತಿಕೆಯಿರಲಿ, ಸರಳತೆಯಿರಲಿ, ರಂಗಸಜ್ಜಿಕೆಯ ಕಸುಬು ಅಲಂಕಾರಕ್ಕಿಂತ ಹೆಚ್ಚಾಗಿ ಹೊತ್ತನ್ನು ಪಳಗಿಸುವ ಕೆಲಸ. ಖಾಲಿ ರಂಗವೆಲ್ಲ ಕಲೆಯಲ್ಲ, ನಿಜ; ಒಮ್ಮೆ ಇಟ್ಟ ವಸ್ತು ಕೊನೆಯವರೆಗೂ ಸುಮ್ಮನೆ ಬಿದ್ದಿದ್ದರೆ ಅದು ಬರೀ ಸೋಮಾರಿತನ.

ಈಗ ಎಲ್‌ಇಡಿ ಪರದೆ ಬಂದಿದೆ, ಗುಂಡಿ ಒತ್ತಿದರೆ ಅರಮನೆ, ಇನ್ನು ಈ ಪಾಡೇಕೆ ಎನ್ನುವುದು ಮತ್ತೊಂದು ಆಕ್ಷೇಪ. ಸೆಟ್ ಬದಲಿಸುವ ಹೊತ್ತು ಅದರಿಂದ ಉಳಿಯುತ್ತದೆ, ಒಪ್ಪಿದೆ. ಆದರೆ ಹಿಂದಿನ ಪರದೆಯೇ ಝಗಝಗಿಸಿದರೆ ಮುಂದೆ ನಿಂತ ನಟನ ಮುಖ ಕಪ್ಪಿಡುತ್ತದೆ. ಮುಖಕ್ಕೆ ಬೆಳಕು ಏರಿಸುತ್ತಾ ಹೋದರೆ ಇರುಳಿನ ದೃಶ್ಯವೂ ಹಗಲಾಗುತ್ತದೆ. ಆ ಅಳತೆ ಹಿಡಿಯಲು ಡಿಮ್ಮರ್ ಮುಂದೆ ಕೂತವನಿಗೆ ನಾಟಕ ಬಾಯಿಪಾಠವಾಗಿರಬೇಕು, ರಂಗವೂ ಅವನ ಕೈಗೆ ಮುಂಚೆಯೇ ಸಿಗಬೇಕು. ನಾಟಕ ಏರ್ಪಡಿಸುವ ಸಂಘಗಳಲ್ಲಿ ಒಂದೇ ಕೋರಿಕೆ: ಸಂಜೆಯ ಹಾರ, ಶಾಲು, ಭಾಷಣಗಳನ್ನು ಅರ್ಧ ಗಂಟೆ ಮೊಟಕುಗೊಳಿಸಿ, ಆ ಅರ್ಧ ಗಂಟೆಯನ್ನು ಬೆಳಕಿನವರಿಗೆ ಕೊಡಿ.