ಗಣಕಗುಚ್ಛಗಳಲ್ಲಿ ಪ್ರಕ್ರಿಯಾ ನಿರ್ವಹಣೆ: ಪಿಎಂಐನಿಂದ ಪಿಎಂಐಎಕ್ಸ್‌ವರೆಗೆ

ಸಾವಿರಾರು ಗಣಕಯಂತ್ರಗಳನ್ನು ವೇಗದ ಜಾಲದಿಂದ ಬೆಸೆದು ಒಂದೇ ಸಮಸ್ಯೆಯನ್ನು ಬಿಡಿಸುವ ವ್ಯವಸ್ಥೆಯನ್ನು ಕ್ಲಸ್ಟರ್ ಅಥವಾ ಗಣಕಗುಚ್ಛವೆಂದು ಕರೆಯಲಾಗುತ್ತದೆ. ಹವಾಮಾನ ಮುನ್ಸೂಚನೆಯಂಥ ಲೆಕ್ಕಾಚಾರವನ್ನು ಇಲ್ಲಿ ತುಣುಕುಗಳಾಗಿ ಹಂಚಲಾಗುತ್ತದೆ. ಒಂದೊಂದು ತುಣುಕನ್ನು ನಡೆಸುವ ಘಟಕವೇ ಪ್ರಕ್ರಿಯೆ. ಪ್ರಕ್ರಿಯೆಗಳ ನಡುವಣ ಸಂದೇಶ ವಿನಿಮಯಕ್ಕಾಗಿ 1994ರಲ್ಲಿ ಎಂಪಿಐ ಎಂಬ ಮಾನಕ ರೂಪುಗೊಂಡಿತು. ಆದರೆ ಪ್ರಕ್ರಿಯೆಗಳನ್ನು ಆರಂಭಿಸುವ ಬಗೆಯನ್ನು ಆ ಮೊದಲ ಮಾನಕ ತನ್ನ ವ್ಯಾಪ್ತಿಯ ಹೊರಗಿರಿಸಿತು.

ಈ ಕೊರತೆಯನ್ನು ತುಂಬಿದ್ದು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಎಂಪಿಐಸಿಎಚ್ ಯೋಜನೆಯಲ್ಲಿ ಬೆಳೆದ ಪಿಎಂಐ. ಹೈಡ್ರಾ, ಸ್ಲರ್ಮ್ ಮುಂತಾದ ನಿರ್ವಾಹಕ ತಂತ್ರಾಂಶಗಳು ಪ್ರಕ್ರಿಯೆಗಳನ್ನು ಆರಂಭಿಸಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ನೀಡುತ್ತವೆ. ಪ್ರತಿ ಪ್ರಕ್ರಿಯೆಯೂ ತನ್ನ ವಿಳಾಸವನ್ನು ಸಾಮಾನ್ಯ ಕಣಜವೊಂದರಲ್ಲಿ ಇರಿಸುತ್ತದೆ; ಎಲ್ಲವೂ ಇರಿಸುವವರೆಗೆ ಕಾಯುತ್ತದೆ; ಅನಂತರ ಇತರರ ವಿಳಾಸಗಳನ್ನು ಪಡೆಯುತ್ತದೆ. ನಿರ್ವಾಹಕನ ಪಾತ್ರವನ್ನು ಯಕ್ಷಗಾನದ ಭಾಗವತನಿಗೆ ಹೋಲಿಸಬಹುದು. ವೇಷಗಳನ್ನು ರಂಗಕ್ಕೆ ಬರಮಾಡಿಕೊಳ್ಳುವವನೂ ಮಂಗಳ ಹಾಡುವವನೂ ಆತನೇ. ಆದರೆ ಹೋಲಿಕೆಗೆ ಮಿತಿಯಿದೆ: ಭಾಗವತ ಪ್ರಸಂಗದುದ್ದಕ್ಕೂ ಪದ್ಯ ಹಾಡಿ ಆಟವನ್ನು ನಡೆಸುತ್ತಾನೆ, ಇಲ್ಲಿ ವಿಳಾಸ ದೊರೆತ ಮೇಲೆ ಪ್ರಕ್ರಿಯೆಗಳು ನಿರ್ವಾಹಕನ ಹಂಗಿಲ್ಲದೆ ನೇರವಾಗಿ ಸಂವಾದಿಸುತ್ತವೆ.

ಗಾತ್ರ ಹಿಗ್ಗಿದಂತೆ ಈ ಸರಳ ಕ್ರಮ ಭಾರವಾಗತೊಡಗಿತು. 10,000 ಪ್ರಕ್ರಿಯೆಗಳಲ್ಲಿ ಪ್ರತಿಯೊಂದೂ ಎಲ್ಲರ ವಿಳಾಸವನ್ನು ಕೇಳಿದರೆ ಸುಮಾರು 10 ಕೋಟಿ ವಿಚಾರಣೆಗಳಾಗುತ್ತವೆ. ಲೆಕ್ಕ ಆರಂಭವಾಗುವ ಮೊದಲೇ ದುಬಾರಿ ಯಂತ್ರಸಮಯ ವ್ಯರ್ಥವಾಗುತ್ತದೆ. ಇದಕ್ಕೆ ಪರಿಹಾರವಾಗಿ ಪಿಎಂಐ-2, ಅನಂತರ 2010ರ ದಶಕದ ಮಧ್ಯಭಾಗದಲ್ಲಿ ಪಿಎಂಐಎಕ್ಸ್ ರೂಪುಗೊಂಡವು. ಪಿಎಂಐಎಕ್ಸ್‌ನಲ್ಲಿ ಪ್ರತಿ ಯಂತ್ರದಲ್ಲಿಯೂ ಒಂದು ಸ್ಥಳೀಯ ಸೇವಕ ತಂತ್ರಾಂಶವಿರುತ್ತದೆ. ಅದು ಮಾಹಿತಿಯನ್ನು ಹಂಚಿಕೆಯ ಸ್ಮೃತಿಯಲ್ಲಿಡುವುದರಿಂದ ಆ ಯಂತ್ರದ ಎಲ್ಲ ಪ್ರಕ್ರಿಯೆಗಳಿಗೂ ಒಂದೇ ಪ್ರತಿ ಸಾಕು. ನಿರ್ವಾಹಕನಿಗೆ ಮೊದಲೇ ತಿಳಿದಿರುವ ಸಂಗತಿಗಳನ್ನು ಮತ್ತೆ ವಿನಿಮಯ ಮಾಡಬೇಕಾಗಿಯೂ ಇಲ್ಲ.

ಇದಕ್ಕಿಂತ ಗಂಭೀರವಾದುದು ವೈಫಲ್ಯದ ಪ್ರಶ್ನೆ. 2022ರಲ್ಲಿ ಎಕ್ಸಾಫ್ಲಾಪ್ ಮಿತಿಯನ್ನು ದಾಟಿದ ಓಕ್ ರಿಡ್ಜ್ ಪ್ರಯೋಗಾಲಯದ ಫ್ರಾಂಟಿಯರ್ ಗಣಕದಲ್ಲಿ 9,400ಕ್ಕೂ ಹೆಚ್ಚು ನೋಡ್‌ಗಳಿವೆ. ಒಂದು ನೋಡ್‌ನಲ್ಲಿ ಅಪರೂಪವಾದ ದೋಷ ಇಂಥ ಸಮೂಹದಲ್ಲಿ ಸಾಮಾನ್ಯ ಸಂಗತಿಯಾಗುತ್ತದೆ. ಅಳಿದ ಪ್ರಕ್ರಿಯೆಯ ಸುದ್ದಿ ತಲುಪದಿದ್ದರೆ ಉಳಿದವು ಬಾರದ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತವೆ. ಪಿಎಂಐಎಕ್ಸ್ ಆ ಸುದ್ದಿಯನ್ನು ಮುಟ್ಟಿಸಬಲ್ಲ ವ್ಯವಸ್ಥೆಯನ್ನು ಒದಗಿಸುತ್ತದೆ, ಅಳಿದುದನ್ನು ಬದುಕಿಸುವುದಿಲ್ಲ. ಉಳಿಸಿಟ್ಟ ಹಂತದಿಂದ ಮುಂದುವರಿಯಬೇಕೋ, ಕೆಲಸವನ್ನೇ ನಿಲ್ಲಿಸಬೇಕೋ ಎಂಬ ತೀರ್ಮಾನ ಕ್ರಮವಿಧಿಯನ್ನು ಬರೆದವರಿಗೇ ಸೇರಿದ್ದು.