ಬರ್ಲಿನ್‌ನಲ್ಲಿ ಮಕ್ಕಳ ಜೊತೆ ಬಸ್ಸು ಹತ್ತುವುದು: ಟಿಕೆಟ್, ದಂಡ, ಜೈಲು

ಬರ್ಲಿನ್‌ಗೆ ಬಂದ ಮೊದಲ ವಾರ. ಸ್ಟ್ರಾಲರ್‌ನಲ್ಲಿ ಮೂರು ವರ್ಷದ ಮಗ, ಪಕ್ಕದಲ್ಲಿ ಏಳು ವರ್ಷದ ಮಗಳು. ಮೆಟ್ರೋ ನಿಲ್ದಾಣಕ್ಕೆ ಇಳಿದರೆ ಅಲ್ಲಿ ಗೇಟೇ ಇಲ್ಲ! ಬೆಂಗಳೂರಿನ ಹಾಗೆ ಕಾರ್ಡ್ ತೋರಿಸಿದರೆ ತೆರೆಯುವ ಬಾಗಿಲು, ಬ್ಯಾಗ್ ತಪಾಸಣೆ ಏನೂ ಇಲ್ಲ. ಮಷಿನ್‌ನಲ್ಲಿ ನನಗೊಂದು, ಮಗಳಿಗೊಂದು ಟಿಕೆಟ್ ತಗೊಂಡು ರೈಲು ಹತ್ತಿದೆ. ಎರಡು ಸ್ಟೇಷನ್ ದಾಟುವಷ್ಟರಲ್ಲಿ, ಮಾಮೂಲಿ ಜಾಕೆಟ್ ಹಾಕಿಕೊಂಡು ಕೂತಿದ್ದ ಒಬ್ಬ ಎದ್ದು ಬಂದು ಟಿಕೆಟ್ ಕೇಳಿದ. ಕೊಟ್ಟೆ. ಮುದ್ರೆ ಎಲ್ಲಿ ಅಂದ.

ಇಲ್ಲಿ ಟಿಕೆಟ್ ಕೊಂಡರಷ್ಟೇ ಸಾಲದು. ಪ್ಲಾಟ್‌ಫಾರ್ಮ್‌ನಲ್ಲಿರುವ ಪುಟ್ಟ ಡಬ್ಬಿಗೆ ಅದನ್ನು ತೂರಿಸಿ ದಿನಾಂಕ, ಸಮಯ ಅಚ್ಚು ಹಾಕಿಸಿಕೊಳ್ಳಬೇಕು. ಅಲ್ಲಿಂದ ಎರಡು ಗಂಟೆ ಲೆಕ್ಕ. ಮುದ್ರೆ ಇಲ್ಲದ ಟಿಕೆಟ್ ನಾಳೆಯೂ ನಡೆಯುತ್ತದಲ್ಲ, ಅದಕ್ಕೆ ಈ ನಿಯಮ. ದಂಡ 60 ಯೂರೋ, ಅಂದ್ರೆ ಐದು ಸಾವಿರ ರೂಪಾಯಿಗೂ ಮೇಲೆ. ನನ್ನ ಹರಕು ಜರ್ಮನ್ ಕೇಳಿ ಇಡೀ ಬೋಗಿ ತಿರುಗಿ ನೋಡಿತು. ಮಗಳು, "ಅಮ್ಮ, ನಾವು ಕಳ್ಳರಾ?" ಅಂದಳು.

ಆಮೇಲೆ ಒಂದೊಂದೇ ಕಲಿತೆ. ಆರು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಆರರಿಂದ ಹದಿನಾಲ್ಕರವರೆಗೆ ರಿಯಾಯಿತಿ. ಆದರೆ ಬರ್ಲಿನ್‌ನ ಶಾಲಾ ಮಕ್ಕಳಿಗೆ 2019ರ ಆಗಸ್ಟ್‌ನಿಂದ ನಗರದೊಳಗಿನ ಪ್ರಯಾಣ ಪೂರ್ತಿ ಉಚಿತ. ಮಗಳ ಪಾಸ್ ಇನ್ನೂ ಕೈಗೆ ಬಂದಿರಲಿಲ್ಲ ಅಷ್ಟೇ. ಸ್ಟ್ರಾಲರ್ ಇದ್ದರೆ ಮಧ್ಯದ ಬಾಗಿಲಿನಿಂದ ಹತ್ತಬೇಕು, ಒಳಗೆ ಹೋದ ತಕ್ಷಣ ಅದರ ಬ್ರೇಕ್ ಹಾಕಬೇಕು. ಗಾಲಿಕುರ್ಚಿಯವರು ಬಂದರೆ ಆ ಜಾಗ ಮೊದಲು ಅವರದ್ದು, ನಾವು ಸರಿಯಬೇಕು. ಹೇಳಿಕೊಟ್ಟವರು ಬೋರ್ಡುಗಳಲ್ಲ, ಎದುರು ಸಿಕ್ಕ ಬೇರೆ ತಾಯಂದಿರು. ಕೇಳದೇ ಬಂದು ಸ್ಟ್ರಾಲರ್‌ನ ಮುಂದಿನ ಚಕ್ರ ಎತ್ತಿಕೊಡುವ ಅಪರಿಚಿತರು ಇಲ್ಲಿ ಬಹಳ ಮಂದಿ.

ನಾನು ದಂಡ ಕಟ್ಟಿ ಕೈತೊಳೆದುಕೊಂಡೆ. ಕಟ್ಟಲಾಗದವರ ಕಥೆ ಏನು? ಟಿಕೆಟ್ ಇಲ್ಲದೆ ಓಡಾಡುವುದು ಜರ್ಮನಿಯಲ್ಲಿ ಬರೀ ದಂಡದ ವಿಷಯವಲ್ಲ, ಕ್ರಿಮಿನಲ್ ಅಪರಾಧ. ದಂಡ ಸಂಹಿತೆಯ 265ಎ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು ವಿಧಿಸಬಹುದು. ಈ ಕಲಂ ಸೇರಿದ್ದು 1935ರಲ್ಲಿ, ನಾಜಿಗಳ ಆಳ್ವಿಕೆಯಲ್ಲಿ. ಮೋಸದಿಂದ ಸೇವೆ ಪಡೆಯುವುದು ಅಂತ ಇದರ ವ್ಯಾಖ್ಯಾನ. (ಚಿಕ್ಕವಳಿದ್ದಾಗ "ಕಂಡಕ್ಟರ್ ಕೇಳಿದ್ರೆ ಐದು ವರ್ಷ ಅನ್ನು" ಅಂತ ಅಮ್ಮ ಹೇಳಿಕೊಡ್ತಿದ್ದಳು. ಆ ಲೆಕ್ಕದಲ್ಲಿ ನಮ್ಮೂರಿನ ಅರ್ಧ ತಾಯಂದಿರು ಒಳಗಿರಬೇಕಿತ್ತು.)

ಮತ್ತೆ ಮತ್ತೆ ಸಿಕ್ಕಿಬಿದ್ದರೆ ಸಾರಿಗೆ ಸಂಸ್ಥೆ ದೂರು ಕೊಡಬಹುದು, ಕೋರ್ಟು ದಂಡ ಹಾಕುತ್ತದೆ, ಅದನ್ನು ಕಟ್ಟಲು ಕಾಸಿಲ್ಲದಿದ್ದರೆ ಬದಲಿಗೆ ಜೈಲು. ಹೀಗೆ ವರ್ಷಕ್ಕೆ ಸಾವಿರಾರು ಜನ ಜೈಲು ಸೇರುತ್ತಾರೆ. ಹೆಚ್ಚಿನವರು ಕೆಲಸವಿಲ್ಲದವರು, ಮನೆಯಿಲ್ಲದವರು, ಕುಡಿತಕ್ಕೋ ಕಾಯಿಲೆಗೋ ಸಿಕ್ಕವರು. ಟಿಕೆಟ್ ದುಡ್ಡು ಉಳಿಸಿದವರನ್ನು ಇಟ್ಟುಕೊಳ್ಳಲು ಸರ್ಕಾರ ಅದರ ಎಷ್ಟೋ ಪಟ್ಟು ಖರ್ಚು ಮಾಡುತ್ತದೆ. ಆರ್ನೆ ಸೆಮ್ಸ್‌ರಾಟ್ ಎಂಬ ಪತ್ರಕರ್ತ 2021ರ ಡಿಸೆಂಬರ್‌ನಲ್ಲಿ 'ಫ್ರೈಹೈಟ್ಸ್‌ಫಾಂಡ್ಸ್' ಅಂದರೆ ಸ್ವಾತಂತ್ರ್ಯ ನಿಧಿ ಶುರು ಮಾಡಿದ್ದು ಇದಕ್ಕೇ: ದೇಣಿಗೆ ಎತ್ತಿ, ಇಂಥವರ ದಂಡ ಕಟ್ಟಿ ಬಿಡಿಸಿಕೊಂಡು ಬರುವುದು. ಡ್ಯುಸೆಲ್‌ಡಾರ್ಫ್, ಕೊಲೋನ್ ನಗರಗಳು ಇನ್ನು ದೂರು ಕೊಡುವುದಿಲ್ಲ ಅಂತ ಒಮ್ಮೆ ತೀರ್ಮಾನಿಸಿದ್ದವು. ಕಲಂ ಮಾತ್ರ ಹಾಗೇ ಇದೆ.

ಟಿಕೆಟ್ ಅಗ್ಗ ಮಾಡಿದರೆ? ಅದನ್ನೂ ಮಾಡಿ ನೋಡಿದ್ದಾರೆ. 2022ರ ಜೂನ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ 9 ಯೂರೋ ಕೊಟ್ಟರೆ ದೇಶದ ಎಲ್ಲಾ ಬಸ್ಸು, ಮೆಟ್ರೋ, ಪ್ರಾದೇಶಿಕ ರೈಲು ಹತ್ತಬಹುದಿತ್ತು. ಸುಮಾರು 5.2 ಕೋಟಿ ಟಿಕೆಟ್ ಮಾರಾಟವಾದವು. 2023ರ ಮೇ ತಿಂಗಳಲ್ಲಿ ಅದೇ ಮಾದರಿ 49 ಯೂರೋಗೆ ಬಂತು, 2025ಕ್ಕೆ 58 ಆಯಿತು, 2026ಕ್ಕೆ 63. ಖರ್ಚು ಕೇಂದ್ರ ಕೊಡಬೇಕೋ ರಾಜ್ಯಗಳೋ ಎಂಬ ಜಗಳ ಪ್ರತಿವರ್ಷದ್ದು. 2023ರ ಜೂನ್ 11ಕ್ಕೆ ನಮ್ಮಲ್ಲಿ ಶಕ್ತಿ ಯೋಜನೆ ಶುರುವಾದಾಗ "ಬಿಟ್ಟಿ" ಅಂತ ಹಂಗಿಸಿದವರು ಈ ಜಗಳವನ್ನೊಮ್ಮೆ ನೋಡಬೇಕು. ಶ್ರೀಮಂತ ದೇಶವೂ ಬಸ್ಸಿಗೆ ತೆರಿಗೆಯ ದುಡ್ಡು ಸುರಿಯುತ್ತದೆ. ಜಗಳ ಇರುವುದು ಎಷ್ಟು, ಯಾರ ಕಿಸೆಯಿಂದ ಅನ್ನುವುದರಲ್ಲಿ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಬಸ್ಸು ಹತ್ತಿದ ಕೂಡಲೇ ಅಭ್ಯಾಸಬಲದಿಂದ ಪರ್ಸ್ ತೆಗೆದು ಆಧಾರ್ ಕಾರ್ಡ್ ಹುಡುಕತೊಡಗಿದಳು. "ಕಂಡಕ್ಟರ್ ಯಾವ ಕಡೆಯಿಂದ ಬರ್ತಾನೆ?"

"ಇಲ್ಲಿ ಕಂಡಕ್ಟರ್ ಇಲ್ಲ ಅಜ್ಜಿ, ಟಿಕೆಟ್ ಕೊಡಿ ಇಲ್ಲಿ" ಅಂತ ಮಗಳು ಇಸ್ಕೊಂಡು ಡಬ್ಬಿಗೆ ತೂರಿಸಿದಳು. ಟಕ್ ಅಂತು. ಅಮ್ಮ ಅದನ್ನು ಮಡಚಿ ವಾಚಿನ ಬೆಲ್ಟಿಗೆ ಸಿಕ್ಕಿಸಿಕೊಂಡಳು.