ಪೆಟ್ಟಿಗೆಯೊಳಗೆ ದೊಡ್ಡ ಸಭಾಂಗಣ

ಹೋದ ತಿಂಗಳು ಮೊಮ್ಮಗ ನಮ್ಮ ಹಳೆಯ ಕ್ಯಾಸೆಟ್ ಒಂದನ್ನು ಕಂಪ್ಯೂಟರಿಗೆ ಇಳಿಸಿದ. ತೀರಿಕೊಂಡ ನನ್ನಾಕೆಯ ಜೋಗುಳ ಅದರಲ್ಲಿದೆ. ಪರದೆಯ ಮೇಲೆ 'ಹಾಲ್' ಎಂಬುದನ್ನು ಒತ್ತಿ, "ತಾತ, ಕೇಳು" ಎಂದ. ಅಜ್ಜಿ ದೊಡ್ಡ ಸಭಾಂಗಣದಲ್ಲಿ ನಿಂತು ಹಾಡಿದ ಹಾಗಿತ್ತು!

ಇದೇನು ಮಾಯೆ ಎಂದು ಓದಲು ಕೂತೆ. ಬಚ್ಚಲುಮನೆಯಲ್ಲಿ ಹಾಡಿದರೆ ನನ್ನ ಗಂಟಲೂ ಇಂಪಾಗುತ್ತದಲ್ಲ, ಅದೇ ಗುಟ್ಟು. ದನಿ ಗೋಡೆಗಳಿಗೆ ಬಡಿದು, ಚೂರುಚೂರಾಗಿ, ಒಂದರ ಹಿಂದೊಂದು ಕಿವಿಗೆ ಮರಳುತ್ತದೆ. ಇದು ಅನುರಣನ, ಸ್ಟುಡಿಯೊದವರ ಮಾತಿನಲ್ಲಿ ರಿವರ್ಬ್.

ಸ್ಟುಡಿಯೊ ಗೋಡೆಗಳು ಶಬ್ದವನ್ನು ಹೀರಿಕೊಳ್ಳುವುದರಿಂದ ಅಲ್ಲಿ ದನಿ ಒಣಒಣ. ಹಿಂದೆ ಇದಕ್ಕೆಂದೇ ಖಾಲಿ ಕೋಣೆ ಇಟ್ಟಿರುತ್ತಿದ್ದರು. ಒಂದು ಮೂಲೆಯಲ್ಲಿ ಸ್ಪೀಕರ್, ಇನ್ನೊಂದರಲ್ಲಿ ಮೈಕು. ಹಾಲಿವುಡ್‌ನ ಕ್ಯಾಪಿಟಲ್ ಸ್ಟುಡಿಯೊದಲ್ಲಿ ಅಂಥ ಕೋಣೆಗಳು ನೆಲದಡಿಯಲ್ಲಿವೆ. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಕೋಣೆಯ ಬದಲು ದೊಡ್ಡ ಉಕ್ಕಿನ ತಗಡನ್ನು ತೂಗುಹಾಕಿ ಕಂಪಿಸುವಂತೆ ಮಾಡಿತು. ಪೆಟ್ಟಿಗೆ ಸೇರಿ ಅದರ ತೂಕ ಸುಮಾರು 270 ಕಿಲೋ! ಹೊರುವವರ ಬೆನ್ನು ಏನಾಗಿರಬೇಡ?

1976ರಲ್ಲಿ ಅದೇ ಕಂಪನಿ ಇಎಂಟಿ 250 ತಂದಿತು. ಮಾರಾಟಕ್ಕೆ ಬಂದ ಮೊದಲ ಡಿಜಿಟಲ್ ರಿವರ್ಬ್ ಅದು. ಅಮೆರಿಕದ ಬ್ಯಾರಿ ಬ್ಲೆಸರ್ ಅದರ ವಿನ್ಯಾಸಕಾರರಲ್ಲಿ ಮುಖ್ಯರು. ಮೇಲೆ ದಪ್ಪ ದಪ್ಪ ಹಿಡಿಗಳಿದ್ದ ಅದನ್ನು ನೋಡಿದರೆ ಚಳಿಗಾಲದ ಹೀಟರ್ ಎನ್ನಬೇಕು. ಒಳಗೆ ತಗಡೂ ಇಲ್ಲ, ಕೋಣೆಯೂ ಇಲ್ಲ, ಬರೀ ಲೆಕ್ಕ. ದನಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಅಂಕಿಗಳಾಗಿ ನೆನಪಿಟ್ಟುಕೊಂಡು, ಸ್ವಲ್ಪ ತಡವಾಗಿ, ಸ್ವಲ್ಪ ಮೆಲ್ಲಗೆ ಹಿಂತಿರುಗಿಸುತ್ತದೆ. ಹಿಂತಿರುಗಿದ್ದರಲ್ಲೂ ಒಂದಿಷ್ಟನ್ನು ಮತ್ತೆ ಒಳಗೆ ಕಳಿಸುತ್ತದೆ. ಲೆಡ್ಜರ್ ಬರೆದ ನನಗೆ ಇದು ಸಲೀಸಾಗಿ ಅರ್ಥವಾಯಿತು: ಕಂತು ಕಟ್ಟುತ್ತಾ ಸಾಲದ ಬಾಕಿ ಇಳಿದಂತೆ, ದನಿಯೂ ಇಳಿಯುತ್ತಾ ಸೊನ್ನೆಯಾಗುತ್ತದೆ.

1978ರಲ್ಲಿ ಅಮೆರಿಕದ ಲೆಕ್ಸಿಕಾನ್ 224 ಬಂತು. ರೂಪಿಸಿದವರು ಡೇವಿಡ್ ಗ್ರೀಸಿಂಗರ್ ಎಂಬ ಭೌತವಿಜ್ಞಾನಿ. ದೊಡ್ಡ ಯಂತ್ರ ಎಲ್ಲೋ ದೂರದಲ್ಲಿ. ಮೇಜಿನ ಮೇಲೆ ಪುಟ್ಟ ಗುಂಡಿಪಟ್ಟಿ ಮಾತ್ರ. ಸಭಾಂಗಣ ಬೇಕೆ? ಗುಂಡಿ ಒತ್ತಿ. ಕೋಣೆ ಬೇಕೆ? ಇನ್ನೊಂದು ಒತ್ತಿ. ಅದೇ ಬಗೆಯ ಲೆಕ್ಕ ಈಗ ಮೊಮ್ಮಗನ ಕಂಪ್ಯೂಟರಿನಲ್ಲಿ ಕೂತಿದೆ.

ಜೋಗುಳವನ್ನು ಮತ್ತೊಮ್ಮೆ ಕೇಳಿದೆ. ಹಾಡೇನೋ ಚಂದ. ಆದರೆ ತೊಟ್ಟಿಲ ಸರಪಳಿಯ ಕಿರ್ರ್ ಕೂಡ ಎಲ್ಲೋ ದೂರದ ಸಭಾಂಗಣಕ್ಕೆ ಹೋಗಿಬಿಟ್ಟಿತ್ತು.

"ಅಜ್ಜಿ ಹಾಡಿದ್ದು ನಮ್ಮ ನಡುಮನೆಯಲ್ಲಿ ಕಣೋ. ತೊಟ್ಟಿಲಲ್ಲಿದ್ದವನು ನಿಮ್ಮಪ್ಪ. ಆ ಹಾಲ್ ತೆಗೆದುಬಿಡು" ಎಂದೆ.

ಅವನು ಮತ್ತೆ ಒತ್ತಿದ. ಸರಪಳಿ ಪಕ್ಕದಲ್ಲೇ ಕಿರ್ರೆಂದಿತು.